ಎಡಗಿವಿಯ ಕಚ್ಚು

ಧಾರವಾಡ
6 ನವೆಂಬರ್ 1989, ಸೋಮವಾರ

ಡ್ರಾಯಿಂಗ್ ಶಿಕ್ಷಕಿ ಸಕ್ಕುಬಾಯಿಯವರಿಗೆ ವಿರುಪಾಕ್ಷಪ್ಪನ ನಮಸ್ಕಾರಗಳು.

ನಿಮ್ಮ ಹತ್ತು ಕುರಿಗಳು ಆಡಿನ ಹಾಗೆ ಕಾಣುತ್ತವೆ. ಹೀಗೆಂದು ಮೊದಲು ಹೇಳಿದವನು ನಮ್ಮ ಪ್ರೆಸ್ಸಿನ ಗಂಗಾರಾಮ. ಆಮೇಲೆ ಚಿತ್ರಗಳನ್ನು ಕಿಟಕಿಯ ಹತ್ತಿರ ಹಿಡಿದು ನೋಡಿ ನಾನೂ ಒಪ್ಪಿದೆ.

ಕ್ಷೇಮ ಸಮಾಚಾರ ಕೇಳದೆ ಶುರು ಮಾಡಿದೆನೆಂದು ಬೇಸರ ಬೇಡ. ಪುಸ್ತಕ ಪ್ರಕಟಣೆಗೆ ಇಳಿಯುವ ಮೊದಲು ಮೂವತ್ತೊಂದು ವರ್ಷ ಹುಬ್ಬಳ್ಳಿಯ ದಿನಪತ್ರಿಕೆಯೊಂದರಲ್ಲಿ ಸುದ್ದಿ ತಿದ್ದಿದವನು ನಾನು. ಮೊದಲ ಸಾಲಿನಲ್ಲಿ ಏನಾಯಿತು, ಎರಡನೆಯದರಲ್ಲಿ ಯಾರು ಹೇಳಿದರು. ಪತ್ರ ಬರೆಯಲು ಕೂತರೂ ಕೈ ಅದೇ ದಾರಿ ಹಿಡಿಯುತ್ತದೆ.

ನಿಮ್ಮ ರಜಿಸ್ಟರ್ ಪಾರ್ಸಲ್ ಶುಕ್ರವಾರ ಬಂತು. ಒಂದು ಹಾಳೆಯೂ ಮಡಿಚಿಲ್ಲ. ಹಟ್ಟಿಯ ಮುಳ್ಳಿನ ಬೇಲಿ, ಜಾಲಿಯ ಗಿಡ, ಸಂಜೆಯ ಬಣ್ಣ ಎಲ್ಲವೂ ನಾನು ಬರೆದ ಕಥೆಗಿಂತ ಚೆನ್ನಾಗಿವೆ. ಕಂಬಳಿ ಹೊದ್ದು ಹಟ್ಟಿಯ ಬಾಗಿಲಲ್ಲಿ ನಿಂತ ಅಜ್ಜಿಯನ್ನು ಬಹಳ ಹೊತ್ತು ನೋಡಿದೆ. ರಾಯಬಾಗದ ಶಿಕ್ಷಕರ ಪ್ರದರ್ಶನದಲ್ಲಿ ನಿಮ್ಮ ಚಾರ್ಟುಗಳನ್ನು ನೋಡಿ, ಈ ಪುಸ್ತಕ ನಿಮಗೇ ಕೊಡಬೇಕೆಂದು ನಿರ್ಧರಿಸಿದ್ದು ತಪ್ಪಲ್ಲ.

ಕುರಿಗಳದ್ದೇ ತೊಂದರೆ. ಮೈ ಕಪ್ಪು, ಮೂಗು ಬಾಗಿದೆ, ಕಿವಿ ಜೋತುಬಿದ್ದಿವೆ. ಪಟ್ಟಣದ ಮಕ್ಕಳು ಕುರಿ ಎಂದರೆ ಬಿಳಿ ಎಂದು ತಿಳಿದಿದ್ದಾರೆ. ಕ್ಯಾಲೆಂಡರಿನಲ್ಲಿ ಇರುವಂತೆ ದುಂಡಗೆ, ಬೆಳ್ಳಗೆ, ಗುಂಗುರು ಉಣ್ಣೆಯಿಟ್ಟು ಬರೆದುಕೊಡಿ. ‘ಅಜ್ಜಿಯ ಹತ್ತು ಕುರಿ’ ಎಣಿಕೆ ಕಲಿಸುವ ಪುಸ್ತಕ. ಸಂಜೆ ಒಂದೊಂದಾಗಿ ಕುರಿ ಹಟ್ಟಿಗೆ ಬರುತ್ತವೆ, ಅಜ್ಜಿ ಬೆರಳು ಮಡಚಿ ಎಣಿಸುತ್ತಾಳೆ, ಮಗುವೂ ಎಣಿಸುತ್ತದೆ. ಹಾಗಾಗಿ ಕುರಿ ಕುರಿಯಂತೆ ಕಂಡರೆ ಸಾಕು.

ಶಾಲಾ ಗ್ರಂಥಾಲಯಗಳಿಗೆ ಪುಸ್ತಕ ಆರಿಸುವ ಸಮಿತಿಗೆ ಜನವರಿಯೊಳಗೆ ಮಾದರಿ ಪ್ರತಿ ಹೋಗಬೇಕು. ಬಣ್ಣದಲ್ಲಿ ಇದು ನಮ್ಮ ಮೊದಲ ಪುಸ್ತಕ. ಮುಖಪುಟದಲ್ಲಿ ನಿಮ್ಮ ಹೆಸರು ಇರುತ್ತದೆ. ಹೆಸರಿನ ಜೊತೆ ಊರು ಹೇಗೆ ಹಾಕಬೇಕೆಂದು ತಿಳಿಸಿ.

ನಿಮ್ಮವ,
ವಿರುಪಾಕ್ಷಪ್ಪ


ಮುಗಳಖೋಡ
20 ನವೆಂಬರ್ 1989

ಮಾನ್ಯ ಸಂಪಾದಕರಿಗೆ ಸಕ್ಕುಬಾಯಿಯ ನಮಸ್ಕಾರಗಳು.

ತಾವು ಹೇಳಿದಂತೆ ಹತ್ತೂ ಕುರಿಗಳನ್ನು ಬಿಳಿಯ ಬಣ್ಣದಲ್ಲಿ ತಿದ್ದಿ ಇದರೊಂದಿಗೆ ಕಳುಹಿಸಿದ್ದೇನೆ. ಒಂದು ಕುರಿಯನ್ನು ನಾಲ್ಕು ದಿನ ಕೂತು ಸರಿಯಾಗಿ ಬರೆದೆ. ಉಳಿದವುಗಳನ್ನು ಟ್ರೇಸಿಂಗ್ ಕಾಗದದಿಂದ ಇಳಿಸಿಕೊಂಡೆ. ಹಾಗೆ ಮಾಡಿದ್ದರಿಂದ ಎಲ್ಲವೂ ಒಂದೇ ಅಳತೆಗೆ ಬಂದಿವೆ.

ನಮ್ಮ ಭಾಗದಲ್ಲಿ ಕುರಿ ಕಪ್ಪಾಗಿರುತ್ತವೆ. ಅದಕ್ಕೆ ಮೊದಲು ಹಾಗೆ ಬರೆದಿದ್ದೆ. ತಪ್ಪು ತಿಳಿಯಬಾರದು.

ಹೆಸರಿನ ಕೆಳಗೆ ಊರು ಮುಗಳಖೋಡ ಎಂದೇ ಇರಲಿ. ಪ್ರದರ್ಶನದ ಪಟ್ಟಿಯಲ್ಲಿ ನನ್ನ ಹುಟ್ಟೂರು ದಿಗ್ಗೇವಾಡಿ ಎಂದಿತ್ತು. ಅದನ್ನು ಹಾಕುವುದು ಬೇಡ. ನಾನು ಕೆಲಸ ಮಾಡುವುದು ಇಲ್ಲಿ.

ತಮ್ಮ ವಿಶ್ವಾಸಿ,
ಸಕ್ಕುಬಾಯಿ


ಧಾರವಾಡ
30 ನವೆಂಬರ್ 1989

ಸಕ್ಕುಬಾಯಿಯವರಿಗೆ ನಮಸ್ಕಾರಗಳು.

ಕುರಿಗಳು ಪಾಸಾಗಿವೆ. ಗಂಗಾರಾಮ ನೋಡಿದ ಕೂಡಲೇ “ಈಗ ಕುರಿ ಆದ್ವು ನೋಡ್ರಿ ಸರ” ಎಂದ.

ಪತ್ರಿಕೆಯಲ್ಲಿ ಒಂದು ಪದ್ಧತಿ ಇತ್ತು. ಬರೆದವನು ತನ್ನ ಪ್ರೂಫನ್ನು ತಾನೇ ನೋಡಬಾರದು. ಆದ್ದರಿಂದ ಪುಟಗಳ ಫೋಟೋ ಪ್ರತಿ ಕಳುಹಿಸಿದ್ದೇನೆ. ನಿಮ್ಮ ಮನೆಯಲ್ಲಿ ಓದು ಬಾರದವರು ಯಾರಾದರೂ ಇದ್ದರೆ ಅವರಿಗೆ ತೋರಿಸಿ, ಚಿತ್ರದಿಂದಲೇ ಕಥೆ ತಿಳಿಯುತ್ತದೆಯೇ ಎಂದು ಕೇಳಿ ಬರೆಯಿರಿ. ಇದು ಔಪಚಾರಿಕ. ದೊಡ್ಡ ಬದಲಾವಣೆ ಏನೂ ಬರಲಾರದು.

ವಿರುಪಾಕ್ಷಪ್ಪ


ದಿಗ್ಗೇವಾಡಿ
10 ಡಿಸೆಂಬರ್ 1989, ರವಿವಾರ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಾವು ಹೇಳಿದಂತೆ ಓದು ಬಾರದವರಿಗೆ ತೋರಿಸಿದೆ. ಅವರು ನನ್ನ ತಾಯಿ ಸತ್ತೆವ್ವ. ದಯವಿಟ್ಟು ಪುಸ್ತಕದ ಕೆಲಸ ನಿಲ್ಲಿಸಬೇಕು.

ನಾವು ಕುರಿಗಾರರು. ನಮ್ಮಣ್ಣ ಹಾಲಸಿದ್ದ ದೀಪಾವಳಿ ಮುಗಿಸಿ ಹಿಂಡು ಹೊಡೆದುಕೊಂಡು ನಿಪ್ಪಾಣಿ ಕಡೆ ಹೋಗಿದ್ದಾನೆ. ಅವ್ವ ಸಣ್ಣ ಮರಿಗಳನ್ನೂ ಕಾಲು ಕುಂಟುವ ಎರಡು ಕುರಿಗಳನ್ನೂ ನೋಡಿಕೊಂಡು ಊರಲ್ಲಿ ಇರುತ್ತಾಳೆ. ಇದನ್ನು ನಾನು ಶಾಲೆಯಲ್ಲಿ ಯಾರಿಗೂ ಹೇಳಿಲ್ಲ. ಮೈಯಿಂದ ಕುರಿ ವಾಸನೆ ಬರುತ್ತದೆ ಎಂದು ನಾನು ಓದುವಾಗ ಬೆಂಚು ಬೇರೆ ಮಾಡಿದ್ದರು. ಅದಕ್ಕೇ ತಮಗೂ ಬರೆದಿರಲಿಲ್ಲ.

ಅವ್ವ ಬಾಗಿಲಲ್ಲಿ ಕೂತು ಉಣ್ಣೆ ನೂಲುತ್ತಿದ್ದಳು. ಮೊದಲ ಪುಟ ನೋಡಿ ಅಂದಳು:

“ಯಾರ ಕುರಿ ಇವು?”

“ಯಾರವೂ ಅಲ್ಲಬೇ. ಚಿತ್ರದ ಕುರಿ.”

“ಯಾರವೂ ಅಲ್ಲದ ಕುರಿ ಎಲ್ಲಿರತಾವ? ಯಾರವರ ಇರಬೇಕಲ್ಲ. ಕೊಟ್ಟ ಬಾ, ಪಾಪ, ಹುಡಕಾಕತ್ತಿರಬೇಕು.”

“ಇವು ಕುರಿ ಅನಸ್ತಾವಿಲ್ಲೋ ಅಷ್ಟ ಹೇಳಬೇ.”

“ಹತ್ತಿ ಮೂಟಿಗೆ ಕಾಲ ಹಚ್ಚೀದಿ.”

ಆಮೇಲೆ ಎಲ್ಲ ಪುಟ ಮಗುಚಿ ನೋಡಿದಳು. “ಸಕ್ಕು, ಇದು ಒಂದಽ ಕುರಿ ಐತಿ. ತಾನಽ ತನ್ನ ಬೆನ್ನ ಹತ್ತಿ ಹೊಂಟೈತಿ” ಅಂದಳು. ಟ್ರೇಸಿಂಗ್ ಮಾಡಿದ್ದನ್ನು ನಾನು ಅವಳಿಗೆ ಹೇಳಿರಲಿಲ್ಲ.

ಕಡೆಗೆ, ಎಷ್ಟು ಕುರಿ ಇವೆ ಎಣಿಸು ಎಂದೆ. ಅವ್ವ ಪುಸ್ತಕದ ಮೇಲೆ ಕೈಯಿಟ್ಟು ಮುಚ್ಚಿಬಿಟ್ಟಳು. “ಹಿಂಡ ಎಣಸ್ತಾರೇನ? ಎಣಸಿದ್ರ ಒಂದ ಕಡಿಮಿ ಆಗತೈತಿ. ನೀ ಎರಡಕ್ಷರ ಕಲತ ಮ್ಯಾಲ ಇದೂ ಮರತಿ?”

ನಾನು ಮರೆತಿರಲಿಲ್ಲ. ತಾವು ಕಥೆಯಲ್ಲಿ ಬರೆದಿದ್ದಿರಿ, ನಾನು ಹಾಗೇ ಚಿತ್ರ ಬರೆದುಬಿಟ್ಟೆ. ನಮ್ಮಲ್ಲಿ ಯಾರೂ ಕುರಿ ಎಣಿಸುವುದಿಲ್ಲ. ಸಂಜೆ ಹಟ್ಟಿಯ ಬಾಗಿಲಲ್ಲಿ ನಿಂತು ಒಂದೊಂದರ ಮುಖ ನೋಡುತ್ತಾರೆ. ಬಾರದ್ದನ್ನು ಹೆಸರಿಟ್ಟು ಕರೆಯುತ್ತಾರೆ. ಬೆರಳು ಮಡಚುವ ಅಜ್ಜಿ ನಮ್ಮ ಅಜ್ಜಿ ಅಲ್ಲ.

ಹತ್ತು ಕುರಿಗಳಿಗೆ ಹತ್ತು ಮುಖ ಕೊಟ್ಟು, ಕಪ್ಪಾಗಿಯೇ, ಹೊಸದಾಗಿ ಬರೆಯಲು ಅಪ್ಪಣೆ ಕೊಡಬೇಕು. ಬಣ್ಣ, ಕಾಗದ ನನ್ನದು.

ಸಕ್ಕುಬಾಯಿ


ಧಾರವಾಡ
20 ಡಿಸೆಂಬರ್ 1989
(ಪೋಸ್ಟ್ ಕಾರ್ಡು)

ಸಕ್ಕುಬಾಯಿಯವರಿಗೆ. ಬಿಳಿ ಕುರಿಗಳೇ ಇರುತ್ತವೆ. ಎರಡು ಪುಟಗಳಿಗೆ ಅಚ್ಚಿನ ಫಿಲ್ಮ್ ಆಗಿದೆ. ನಿಮ್ಮ ತಾಯಿಯವರ ಬಗ್ಗೆ ಗೌರವವಿದೆ. ಆದರೆ ಎಣಿಸಿದರೆ ಕಡಿಮೆಯಾಗುತ್ತದೆ ಎಂಬುದನ್ನು ಎಣಿಕೆಯ ಪುಸ್ತಕದಲ್ಲಿ ನಾನು ಒಪ್ಪುವುದು ಹೇಗೆ? ಎಣಿಸದೆ, ಬರೀ ಮುಖ ನೋಡಿ, ಹಿಂಡಿನಲ್ಲಿ ಒಂದು ತಪ್ಪಿದ್ದು ತಿಳಿಯುತ್ತದೆ ಎಂಬುದಕ್ಕೆ ಆಧಾರವೇನು? ಹೇಳಿಕೆ ಬೇರೆ, ಸುದ್ದಿ ಬೇರೆ. ಹೊಸ ವರ್ಷದ ಶುಭಾಶಯಗಳು. ವಿರುಪಾಕ್ಷಪ್ಪ


ಮುಗಳಖೋಡ
5 ಫೆಬ್ರವರಿ 1990, ಸೋಮವಾರ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಿನ್ನೆ ದಿಗ್ಗೇವಾಡಿಯಲ್ಲಿ ಅವ್ವ ನನ್ನ ಹೊಸ ಚಿತ್ರ ನೋಡಿ, “ಚಿಕ್ಕಿ ಎಲ್ಲಿ?” ಎಂದು ಕೇಳಿದಳು. ಇದನ್ನು ವರದಿ ಮಾಡುತ್ತಿರುವವಳು ನಾನು. ಸಾಕ್ಷಿ ನಮ್ಮಣ್ಣ ಹಾಲಸಿದ್ದ. ಅವನು ಜೋಳ ಒಯ್ಯಲು ಊರಿಗೆ ಬಂದಿದ್ದ.

ತಾವು ಆಧಾರ ಕೇಳಿದಿರಿ. ಆರು ವಾರ ನಾನು ಪತ್ರ ಬರೆಯದೆ ಇದ್ದದ್ದು ಅದೇ ಕೆಲಸಕ್ಕೆ.

ಜನವರಿಯ ನಾಲ್ಕೂ ರವಿವಾರ ರಾಯಬಾಗ, ಚಿಕ್ಕೋಡಿ ಎರಡು ಕಡೆ ಬಸ್ಸು ಬದಲಿಸಿ ನಿಪ್ಪಾಣಿಗೆ ಹೋದೆ. ಅಲ್ಲಿ ಅಣ್ಣ ತಂಬಾಕು ಕಿತ್ತ ಹೊಲದಲ್ಲಿ ಗೊಬ್ಬರಕ್ಕೆಂದು ಹಿಂಡು ತರುಬಿದ್ದ. ಹತ್ತು ಕುರಿ ಆರಿಸಿಕೊಂಡು ಒಂದೊಂದರ ಮುಂದೆ ಕೂತು ಪೆನ್ಸಿಲಿನಲ್ಲಿ ಬರೆದೆ. ಹಣೆಯ ಮೇಲೆ ಬಿಳಿ ಚುಕ್ಕೆ ಇರುವುದು ಚಿಕ್ಕಿ. ಕುತ್ತಿಗೆಗೆ ಎರಡು ಮಾಂಸದ ಜೋಲು ಇರುವುದು ಲೋಲಾಕಿ. ಒಂದು ಕಾಲು ಬೆಳ್ಳಗಿರುವುದು ಬಿಳಿಗಾಲಿ. ಮೂತಿ ಒಂದು ಕಡೆ ವಾಲಿದ್ದು ಓರಿಮೂತಿ. ಕೆಂಚಿ, ಗಿಡ್ಡಿ ಹೀಗೆ ಹತ್ತು. ಹೊಲದ ಒಡತಿ ಮರಾಠಿಯವರು. ನನ್ನ ಹಾಳೆಯಲ್ಲಿ ಓರಿಮೂತಿಯನ್ನು ಕಂಡವರೇ, “ಹೀ ತರ ತೀಚ್ ಮೇಂಢಿ!” ಎಂದು ಕೂಗಿದರು. ಇದು ಅದೇ ಕುರಿ ಎಂದು. ಹಿಂದಿನ ದಿನ ಅದು ಅವರ ಹಿತ್ತಲ ಮೆಂತ್ಯ ತಿಂದು ಹೋಗಿತ್ತಂತೆ.

ನಿನ್ನೆ ಅವ್ವನ ಮುಂದೆ ಏಳು ಹಾಳೆ ಇಟ್ಟೆ. ಪ್ರತಿ ಹಾಳೆಯಲ್ಲಿ ಒಂದು ಕುರಿ ಬಿಟ್ಟಿದ್ದೆ, ಉಳಿದವುಗಳ ಜಾಗ ಬದಲಿಸಿದ್ದೆ. ಅವ್ವ ಉಣ್ಣೆ ನೂಲುವ ತಕಲಿ ನಿಲ್ಲಿಸಲಿಲ್ಲ. ಮೊದಲ ಹಾಳೆಗೆ “ಚಿಕ್ಕಿ ಎಲ್ಲಿ?” ಎರಡನೆಯದಕ್ಕೆ “ಗಿಡ್ಡಿ ಇನ್ನಾ ಬಂದಿಲ್ಲ.” ಮೂರನೆಯದಕ್ಕೆ ಅಣ್ಣನ ಕಡೆ ತಿರುಗಿ, “ಹಾಲಸಿದ್ದಾ, ಲೋಲಾಕೀನ ಮಾರೀದೇನಲೇ, ನನಗ ಹೇಳದ?” ಎಂದಳು. ಅಣ್ಣ, “ಇಲ್ಲಬೇ ನಮ್ಮವ್ವಾ, ಇದು ಸಕ್ಕೂನ ಹಾಳಿ” ಎಂದು ಕೈ ಮುಗಿದ.

ಏಳು ಸಲದಲ್ಲಿ ಆರು ಸಲ ಸರಿ. ಏಳನೆಯ ಸಲ ತಪ್ಪಿತು. ಆ ತಪ್ಪು ನನ್ನದು. ಕೆಂಚಿಗೂ ಅದರ ತಂಗಿಗೂ ನಾನು ಒಂದೇ ಮೂಗು ಬರೆದಿದ್ದೆ. ಅದನ್ನು ತಿದ್ದಿದ್ದೇನೆ.

ಇನ್ನೊಂದು ವಿಷಯ. ನಮ್ಮ ಕುರಿಗಳ ಎಡಗಿವಿಯ ತುದಿ ಕತ್ತರಿಸಿ ಒಂದು ಕಚ್ಚು ಹಾಕಿರುತ್ತೇವೆ. ಅದು ನಮ್ಮ ಮನೆತನದ ಗುರುತು. ಬಲಗಿವಿಗೆ ಕಚ್ಚು ಇದ್ದರೆ ಅವು ಅಲಖನೂರ ಕಡೆಯ ಬೇರೊಂದು ಮನೆತನದವು. ಹಿಂಡುಗಳು ಕೂಡಿಕೊಂಡಾಗ ಇದರಿಂದಲೇ ಬೇರ್ಪಡಿಸುವುದು. ಹತ್ತೂ ಕುರಿಗೆ ಎಡಗಿವಿಯ ಕಚ್ಚು ಬರೆದಿದ್ದೇನೆ. ಅದನ್ನು ಹರಿದ ಕಿವಿ ಎಂದು ಗಂಗಾರಾಮ ಅವರು ತಿದ್ದಬಾರದು.

ಎಲ್ಲ ಪುಟಗಳನ್ನೂ ಹೊಸದಾಗಿ ಬರೆದು ಕಳುಹಿಸಿದ್ದೇನೆ. ಅಜ್ಜಿಯ ಮಡಚಿದ ಬೆರಳುಗಳನ್ನು ಬಿಚ್ಚಿದ್ದೇನೆ. ತಾವು ಬೇಡವೆಂದರೆ ಬಿಳಿ ಕುರಿಗಳ ಪುಸ್ತಕವನ್ನು ನನ್ನ ಹೆಸರಿಲ್ಲದೆ ಅಚ್ಚು ಹಾಕಿಸಬಹುದು. ಇವುಗಳನ್ನು ಮಾತ್ರ ವಾಪಸು ಕಳುಹಿಸಬೇಕು.

ಸಕ್ಕುಬಾಯಿ


ಧಾರವಾಡ
21 ಫೆಬ್ರವರಿ 1990

ಸಕ್ಕುಬಾಯಿಯವರಿಗೆ ನಮಸ್ಕಾರಗಳು.

ಬಿಳಿ ಕುರಿಗಳನ್ನು ಆಯ್ಕೆ ಸಮಿತಿಯಿಂದ ವಾಪಸು ತಂದಿದ್ದೇನೆ. ತಂದವನು ನಾನೇ, ಹಾಗಾಗಿ ಬೇರೆ ಮೂಲ ಬೇಕಿಲ್ಲ.

ನಿಮಗೆ ತಿಳಿಸದೆ ಇದ್ದ ಸಂಗತಿ ಒಂದಿದೆ. ಜನವರಿಯಲ್ಲೇ ಮಾದರಿ ಪ್ರತಿ ಕೊಟ್ಟಿದ್ದೆ. ಅದು ಪಟ್ಟಿಗೆ ಸೇರಿತ್ತು. ಸಮಿತಿಯ ಗುಮಾಸ್ತರು ಬಾಯಿಮಾತಿನಲ್ಲಿ ಹೇಳಿದ್ದರು. ಆ ಹೊತ್ತಿಗೆ ನೀವು ಪತ್ರ ಬರೆಯುವುದು ನಿಲ್ಲಿಸಿದ್ದಿರಿ. ಸಿಟ್ಟಾಗಿದ್ದೀರಿ, ಆಮೇಲೆ ತಣ್ಣಗಾಗುತ್ತೀರಿ ಎಂದು ನಾನು ಎಣಿಸಿದ್ದೆ. ನೀವು ನಿಪ್ಪಾಣಿಯ ಹೊಲದಲ್ಲಿ ಕೂತು ಆಧಾರ ಕಲೆಹಾಕುತ್ತಿದ್ದಿರಿ.

ನಿಮ್ಮ ಪಾರ್ಸಲ್ ಬಂದ ಮೇಲೂ ನಾನು ಒಪ್ಪಲಿಲ್ಲ. ಮಗಳು ತಾಯಿಯ ಪರೀಕ್ಷೆ ಮಾಡಿದ್ದಾಳೆ, ಅಣ್ಣ ಸಾಕ್ಷಿ. ಮೂವರೂ ಒಂದೇ ಮನೆಯವರು. ಪತ್ರಿಕೆಯಲ್ಲಾಗಿದ್ದರೆ ಎರಡನೆಯ ಮೂಲ ಕೇಳುತ್ತಿದ್ದೆ. ಅದಕ್ಕೆ ಹದಿನಾರನೆಯ ತಾರೀಖು ಕಾಗವಾಡಕ್ಕೆ ಹೋದೆ.

ಕಾಗವಾಡದಲ್ಲಿ ನಮ್ಮದು ದ್ರಾಕ್ಷಿ ತೋಟ, ಕಬ್ಬಿನ ಹೊಲ. ತಮ್ಮ ರಾವಸಾಹೇಬ ನೋಡಿಕೊಳ್ಳುತ್ತಾನೆ. ಕಬ್ಬು ಕಡಿದ ಹೊಲದಲ್ಲಿ ಕಾಡಸಿದ್ದ ಎಂಬ ಕುರಿಗಾರ ಹಿಂಡು ತರುಬಿದ್ದ. ಎಷ್ಟು ಕುರಿ ಇವೆ ಎಂದೆ. “ಎಷ್ಟಾರ ಇರಲಿ ಬಿಡ್ರಿ ಸಾವ್ಕಾರ್ರ, ದೇವರ ಕೊಟ್ಟಷ್ಟ ಅದಾವು” ಎಂದು ನಕ್ಕ. ಮರುದಿನ ಅವನು ಊಟಕ್ಕೆ ಹೋದಾಗ ರಾವಸಾಹೇಬನಿಗೆ ಹೇಳಿ ಒಂದು ಕುರಿಯನ್ನು ದನದ ಕೊಟ್ಟಿಗೆಯಲ್ಲಿ ಕಟ್ಟಿಸಿದೆ. ಸಂಜೆ ಹಿಂಡು ಬೇಲಿಯೊಳಗೆ ಹೋಗುವಾಗ ಕಾಡಸಿದ್ದ ಬಾಗಿಲಲ್ಲಿ ನಿಂತಿದ್ದ. ಬೆರಳು ಮಡಚಲಿಲ್ಲ, ತುಟಿ ಆಡಿಸಲಿಲ್ಲ. ಕೊನೆಯ ಕುರಿ ಒಳಗೆ ಹೋಗುವ ಮೊದಲೇ ತಿರುಗಿ, “ಸಾವ್ಕಾರ್ರ, ನಮ್ಮ ಮೋಟಬಾಲೀನ ಎಲ್ಲಿ ಕಟ್ಟೀರಿ? ಅದಕ್ಕ ಮರಿ ಐತಿ, ಹಾಲ ಕುಡಸಬೇಕು” ಎಂದ. ನನ್ನ ಮುಖ ನೋಡಿದರೂ ಅವನಿಗೆ ತಿಳಿಯುತ್ತದೆ ಎಂದು ಆಗ ಗೊತ್ತಾಯಿತು. ಅರವತ್ತೆರಡು ವರ್ಷದವನು ಕ್ಷಮೆ ಕೇಳಿ ಕುರಿ ಬಿಡಿಸಿದೆ.

ನಾನು ಸಣ್ಣವನಿದ್ದಾಗಿನಿಂದ ವರ್ಷವರ್ಷವೂ ನಮ್ಮ ಹೊಲದಲ್ಲಿ ಕುರಿ ತರುಬಿದ್ದಾರೆ. ಒಂದು ಕುರಿಯ ಮುಖ ನನಗೆ ಗೊತ್ತಿರಲಿಲ್ಲ. ಕುರಿಗಾರರ ಹೆಸರು ಕೇಳಿದ್ದೂ ಇದೇ ಮೊದಲು. ಆದರೂ ಕುರಿಗಳ ಬಗ್ಗೆ ಪುಸ್ತಕ ಬರೆದೆ. ಆಡಿನಂತೆ ಕಾಣುತ್ತವೆ ಎಂದು ನಿಮಗೆ ಬರೆದಿದ್ದೆ. ಆ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ.

ಕಥೆ ಬದಲಿಸಿದ್ದೇನೆ. ಎಣಿಕೆ ಇಲ್ಲ. ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಾಳೆ. ಪ್ರತಿ ಪುಟದಲ್ಲಿ ಯಾವ ಕುರಿ ಬಂದಿಲ್ಲ ಎಂಬುದನ್ನು ಮಗು ಮುಖ ನೋಡಿ ಹುಡುಕಬೇಕು. ಕೊನೆಯ ಪುಟದಲ್ಲಿ ಎಲ್ಲವೂ ಬಂದಿರುತ್ತವೆ. ಪುಸ್ತಕದ ಹೆಸರು ‘ಚಿಕ್ಕಿ ಎಲ್ಲಿ?’ ಮುಂದಿನ ಪಟ್ಟಿಗೆ ಜೂನ್ 30ರೊಳಗೆ ಅಚ್ಚಾದ ಪುಸ್ತಕ ಕೊಡಬೇಕು. ಅದರಲ್ಲಿ ಸೇರುತ್ತದೆ ಎಂದು ಯಾರೂ ಹೇಳಿಲ್ಲ.

ಒಂದು ತಿದ್ದುಪಡಿ ಬೇಕು. ಕರಿ ಕುರಿಗಳು ಒಟ್ಟಿಗೆ ನಿಂತಲ್ಲಿ ಕಪ್ಪು ಮಡುವಾಗುತ್ತದೆ, ಮುಖ ಮುಳುಗುತ್ತದೆ ಎಂದು ಗಂಗಾರಾಮ ಹೇಳುತ್ತಾನೆ. ಇದಕ್ಕೆ ಉಪಾಯ ನಿಮ್ಮ ಕೈಯಲ್ಲಿದೆ.

ವಿರುಪಾಕ್ಷಪ್ಪ


ಮುಗಳಖೋಡ
26 ಮಾರ್ಚ್ 1990

ವಿರುಪಾಕ್ಷಪ್ಪ ಕಾಕಾ ಅವರಿಗೆ ಸಕ್ಕುಬಾಯಿಯ ನಮಸ್ಕಾರಗಳು.

ಹೀಗೆ ಕರೆಯಬಹುದೆಂದು ತಿಳಿದಿದ್ದೇನೆ.

ಮಡು ಒಣಗಿದೆ. ದಾರಿ ಹೇಳಿದವಳು ಅವ್ವ. “ಕರಿ ಅಂದ್ರ ಬರೇ ಕರಿ ಅಂತ ತಿಳಕೊಂಡಿಯೇನ? ಬಿಸಲಾಗ ಅಡ್ಡ್ಯಾಡಿದ ಕುರಿ ತುದಿ ಕೆಂಪ ಆಗತಾವ. ಕತ್ತರಿ ಆಡಿದ ಹೊಸಾ ಮೈ ನೀಲಿ ಹೊಡೀತೈತಿ. ಮುದಿ ಕುರಿ ಬೂದಿ” ಎಂದಳು. ಅಂಗಳಕ್ಕೆ ಹೋಗಿ ನೋಡಿದೆ. ಇಷ್ಟು ವರ್ಷ ಅವುಗಳ ಮಧ್ಯೆ ಬೆಳೆದರೂ ನಾನು ಕಪ್ಪು ಎಂದೇ ಬರೆಯುತ್ತಿದ್ದೆ.

ಈಗ ಹತ್ತು ಕುರಿಗೆ ಹತ್ತು ಕಪ್ಪು ಕಲಸಿದ್ದೇನೆ. ಕೆಂಚಿಗೆ ಶಾಯಿಯಲ್ಲಿ ಇಟ್ಟಿಗೆ ಬಣ್ಣ, ಗಿಡ್ಡಿಗೆ ನೀಲಿ, ಲೋಲಾಕಿಗೆ ಬೂದು. ಎರಡು ಕುರಿ ತಾಗುವಲ್ಲಿ ಕೂದಲೆಳೆಯಷ್ಟು ಕಾಗದ ಬಿಳಿಯಾಗಿ ಬಿಟ್ಟಿದ್ದೇನೆ. ಎರಡನೆಯ ನಂಬರಿನ ಬ್ರಷ್ಷು ಸವೆದುಹೋಯಿತು. ಒಂಬತ್ತನೆಯ ಪುಟವನ್ನು ಐದು ಸಲ ಬರೆದೆ. ಐದನೆಯದು ನನಗೆ ಬಹಳ ಸೇರಿದೆ.

ಚಿತ್ರಗಳನ್ನು ಶಾಲೆಯ ಸ್ಟಾಫ್ ರೂಮಿನ ಮೇಜಿನ ಮೇಲೆ ಹರವಿ ಒಣಗಿಸಿದೆ. ಬೇಕೆಂದೇ ಅಲ್ಲಿ ಹರವಿದೆ. ಮುಖ್ಯೋಪಾಧ್ಯಾಯ ಬಾಳಾಸಾಬ ಸರ್ ಬಂದು ಕನ್ನಡಕ ಏರಿಸಿ ನೋಡಿದರು.

“ಯಾರ ಕುರೀರಿ ಬಾಯಾರ ಇವು?”

ಇದೇ ಪ್ರಶ್ನೆಯನ್ನು ಅವ್ವ ಕೇಳಿದಾಗ ಯಾರವೂ ಅಲ್ಲ ಎಂದಿದ್ದೆ. “ನಮ್ಮವ್ರಿ ಸರ, ದಿಗ್ಗೇವಾಡಿ ಹಾಲಸಿದ್ದನವು. ನನ್ನ ಖಾಸಾ ಅಣ್ಣ” ಎಂದೆ. ಸರ್ ಕನ್ನಡಕ ತೆಗೆದು, “ಅಲ್ರೀ, ನೀವ ಬಂದ ಮೂರ ವರ್ಷ ಆತು, ಮೊದಲಽ ಹೇಳಬಾರದ? ನಮ್ಮ ಕಬ್ಬಿನ ಹೊಲಾ ಗೊಬ್ಬರ ಇಲ್ಲದ ಸಾಯಾಕತ್ತೈತಿ. ಅಣ್ಣಗ ಕೇಳಿ ನಮ್ಮ ಕಡೆ ಹಿಂಡ ಹಾಕಸ್ರಿ” ಎಂದರು. ಅಣ್ಣನಿಗೆ ಹೇಳಿದೆ. “ಮಾಸ್ತರಗ ಪಾಳಿ ಹಚ್ಚಾಕ ಹೇಳು” ಎಂದ.

ಸಕ್ಕುಬಾಯಿ


ಧಾರವಾಡ
8 ಮೇ 1990, ಮಂಗಳವಾರ

ತಂಗಿ ಸಕ್ಕುಬಾಯಿಗೆ ಆಶೀರ್ವಾದಗಳು.

ಬಣ್ಣದ ಪ್ರೂಫ್ ಬಂದಿದೆ, ಇದರೊಂದಿಗೆ ಇದೆ. ಗಂಗಾರಾಮ ಎರಡು ಸಲ, ನಾನು ಮೂರು ಸಲ ನೋಡಿದ್ದೇವೆ. ಒಂದು ತಪ್ಪೂ ಇಲ್ಲ. ಮೂವತ್ತೊಂದು ವರ್ಷದಲ್ಲಿ ನನ್ನ ಕಣ್ಣು ತಪ್ಪಿಸಿ ಹೋದ ಅಕ್ಷರಗಳು ಬಹಳಿಲ್ಲ. ನಮ್ಮ ಹದಿಮೂರು ಪುಸ್ತಕಗಳಲ್ಲೂ ಲೇಖಕನ ಹೆಸರಿನ ಕೆಳಗೆ ‘ಪ್ರೂಫ್ ನೋಡಿದವರು: ವಿರುಪಾಕ್ಷಪ್ಪ’ ಎಂದು ಹಾಕಿಕೊಂಡಿದ್ದೇನೆ. ಲೇಖಕ ನಾನೇ ಆದಾಗಲೂ ಬಿಟ್ಟಿಲ್ಲ. ಅಷ್ಟು ಅಭಿಮಾನ ನನಗೆ ಆ ಕೆಲಸದ ಮೇಲೆ.

ಕುರಿಗಳು ಹಾಳೆಯಿಂದ ಎದ್ದು ಬರುವಂತಿವೆ. ಇಂಥ ಪುಸ್ತಕ ನಾನು ಮಾಡಿಲ್ಲ. 21ನೆಯ ತಾರೀಖು ಸೋಮವಾರ ಅಚ್ಚಿನ ಪ್ಲೇಟು ಮಾಡಿಸುತ್ತೇವೆ. ಅಷ್ಟರೊಳಗೆ ನಿನ್ನಿಂದ ಏನೂ ಬಾರದಿದ್ದರೆ ಒಪ್ಪಿಗೆ ಎಂದು ತಿಳಿಯುತ್ತೇನೆ.

ವಿರುಪಾಕ್ಷಪ್ಪ


ತಂತಿ, ರಾಯಬಾಗ
14 ಮೇ 1990

ಒಂಬತ್ತನೆಯ ಪುಟ ನಿಲ್ಲಿಸಿ. ಕುರಿ ನಮ್ಮವಲ್ಲ. ಪತ್ರ ಬರುತ್ತಿದೆ. ಸಕ್ಕುಬಾಯಿ


ದಿಗ್ಗೇವಾಡಿ
14 ಮೇ 1990, ಸೋಮವಾರ

ಕಾಕಾ ಅವರಿಗೆ ನಮಸ್ಕಾರಗಳು.

ಒಂಬತ್ತನೆಯ ಪುಟದಲ್ಲಿ ಕುರಿಗಳ ಕಚ್ಚು ಬಲಗಿವಿಯಲ್ಲಿದೆ. ಕಂಡುಹಿಡಿದವಳು ಅವ್ವ. ರಾಯಬಾಗದಲ್ಲಿ ತಂತಿ ಕೊಟ್ಟು ಈಗ ಬಂದೆ.

ಪ್ರೂಫ್ ಶನಿವಾರ ಕೈಗೆ ಬಂತು. ನಾನು ಎರಡು ಸಲ ನೋಡಿ ಸರಿ ಎಂದೆ. ಪಕ್ಕದ ಮನೆಯ ಲಗಮವ್ವ ಕಾಕಿ ಬಂದು, “ಏ ನಮ್ಮವ್ವಾ, ಸತ್ತೆವ್ವನ ಹಟ್ಟಿ ಹಾಳ್ಯಾಗ ಇಳದೈತಿ” ಎಂದು ಕೈ ಬಾಯಿಗಿಟ್ಟುಕೊಂಡಳು. ಅವ್ವ ಬಿಗುಮಾನದಿಂದ ಒಂದೊಂದೇ ಪುಟ ನೋಡುತ್ತ ಬಂದಳು. ಒಂಬತ್ತನೆಯದಕ್ಕೆ ನಿಂತಳು.

“ಇವು ನಮ್ಮವ ಅಲ್ಲ.”

“ಚಂದಂಗಿ ನೋಡಬೇ. ಅದಽ ಚಿಕ್ಕಿ, ಅದಽ ಬಿಳಿಗಾಲಿ.”

“ಮಾರಿ ನಮ್ಮದಽ. ಕಿವಿ ಮಂದೀದು. ಕಚ್ಚ ಬಲಕ್ಕ ಬಂದೈತಿ. ನಾಳೆ ಅಲಖನೂರವರು ಬಂದು, ಸತ್ತೆವ್ವ ನಮ್ಮ ಕುರಿ ಹೊಡಕೊಂಡ ಹೋಗಿ ಪುಸ್ತಕದಾಗ ಕೂಡಿಸ್ಯಾಳ ಅಂದ್ರ ಏನ ಹೇಳಲಿ?”

ಲಗಮವ್ವ ಕಾಕಿ ನಕ್ಕಳು. ಅವ್ವ ನಗಲಿಲ್ಲ. “ನಗಬ್ಯಾಡ. ನಿಮ್ಮಪ್ಪ ಸಾಯೂತನಕ ಒಬ್ಬರ ಕುರಿ ನಮ್ಮ ಹಟ್ಟ್ಯಾಗ ಹೊತ್ತ ಮುಳಗಿಸಿಲ್ಲ” ಎಂದು ನನಗೆ ಹೇಳಿ ಪ್ರೂಫ್ ದೂರ ಸರಿಸಿದಳು.

ಟ್ರೇಸಿಂಗ್ ಕಾಗದ ತಿರುವಿ ಇಟ್ಟು ನಾನೇ ತಪ್ಪು ಮಾಡಿದೆನೋ ಎಂದುಕೊಂಡೆ. ನನ್ನ ಐದು ಪ್ರತಿಗಳಲ್ಲಿ ಇಲ್ಲಿ ಉಳಿದ ನಾಲ್ಕನ್ನೂ ತೆಗೆದು ನೋಡಿದೆ. ಕಚ್ಚು ಎಡಕ್ಕೇ ಇದೆ. ಆಮೇಲೆ ಪ್ರೂಫ್ ಮತ್ತೆ ನೋಡಿದೆ. ಜಾಲಿಯ ಗಿಡ ಹಟ್ಟಿಯ ಆ ಬದಿಯಿಂದ ಈ ಬದಿಗೆ ಬಂದಿದೆ. ಅಜ್ಜಿಯಾಗಿ ನಿಂತ ಅವ್ವನ ಕಂಬಳಿಯ ಸೆರಗು ಇನ್ನೊಂದು ಹೆಗಲಿಗೆ ಹೋಗಿದೆ. ಆ ಪುಟದಲ್ಲಿ ಅಕ್ಷರ ಇಲ್ಲ, ಚಿತ್ರ ಮಾತ್ರ. ಇಡೀ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿದೆ ಎಂದು ನನಗೆ ಅನಿಸುತ್ತದೆ. ಗಂಗಾರಾಮ ಅವರು ಖಚಿತಪಡಿಸಬೇಕು.

ಸಕ್ಕುಬಾಯಿ


ಧಾರವಾಡ
19 ಮೇ 1990, ಶನಿವಾರ

ತಂಗಿ ಸಕ್ಕುಬಾಯಿಗೆ ಆಶೀರ್ವಾದಗಳು.

ಒಂಬತ್ತನೆಯ ಪುಟದ ಫಿಲ್ಮ್ ಮಗುಚಿ, ಹಿಂಬದಿ ಮುಂದಾಗಿ ಅಂಟಿಸಲ್ಪಟ್ಟಿತ್ತು. ಖಚಿತಪಡಿಸಿದವನು ಗಂಗಾರಾಮ, ಅಂಟಿಸಿದವನೂ ಅವನೇ. ನಿನ್ನ ತಂತಿ ಬಂದ ದಿನ ಭೂತಗನ್ನಡಿ ಹಿಡಿದು ಒಂದು ಗಂಟೆ ಕೂತ. ಎದ್ದವನು ತನ್ನ ಬಲಗಿವಿ ಹಿಂಡಿಕೊಂಡು, “ಆ ಅವ್ವಗ ನಮ್ಮ ಪ್ರೆಸ್ಸಿನಾಗ ನೌಕರಿ ಕೊಡ್ರಿ ಸರ, ನಾ ಕುರಿ ಕಾಯಾಕ ಹೊಕ್ಕೇನಿ” ಎಂದ.

ಬಿಡು, ಅವನಿಗೆ ಕುರಿಯೂ ಕಷ್ಟ.

ಅಕ್ಷರವಿದ್ದಿದ್ದರೆ ನಾನು ಹಿಡಿಯುತ್ತಿದ್ದೆ. ಅಕ್ಷರ ತಿರುಗಿದರೆ ಹತ್ತು ಮಾರು ದೂರದಿಂದ ಕಾಣುತ್ತದೆ. ಕಿವಿ ತಿರುಗಿದ್ದು ಕಾಣಲಿಲ್ಲ. ಐದು ಸಲ ಇಬ್ಬರು ನೋಡಿದೆವು, ನೀನೂ ಎರಡು ಸಲ ನೋಡಿದೆ. ಏಳು ಸಲಕ್ಕೆ ಸಿಗದ ತಪ್ಪು ನಿನ್ನ ತಾಯಿಯವರಿಗೆ ಒಂದೇ ಸಲಕ್ಕೆ ಸಿಕ್ಕಿತು. ಮೂರು ಸಾವಿರ ಪ್ರತಿಯಲ್ಲಿ ಅದು ಅಚ್ಚಾಗುತ್ತಿತ್ತು. ಪುಸ್ತಕ ನಿಮ್ಮ ಊರಿನ ಶಾಲೆಗೂ ಬರುತ್ತಿತ್ತು, ಅಲಖನೂರಿಗೂ.

ನಾನು ನಿರ್ಧಾರ ಮಾಡಿದ್ದೇನೆ. ಹದಿಮೂರು ಪುಸ್ತಕಗಳಲ್ಲಿ ನನ್ನ ಹೆಸರು ಇದ್ದ ಸಾಲಿನಲ್ಲಿ ಈ ಸಲ ಹೀಗಿರುತ್ತದೆ: ‘ಪ್ರೂಫ್ ನೋಡಿದವರು: ಸತ್ತೆವ್ವ, ದಿಗ್ಗೇವಾಡಿ.’ ಇದು ಸೌಜನ್ಯಕ್ಕೆ ಬರೆಯುತ್ತಿರುವುದಲ್ಲ, ನಡೆದದ್ದು. ಅವರ ಒಪ್ಪಿಗೆ ಕೇಳಿ ತಿಳಿಸು.

ನಿನ್ನ ಹೆಸರಿನ ಕೆಳಗೆ ಊರು ಮುಗಳಖೋಡ ಎಂದು ನವೆಂಬರಿನಲ್ಲಿ ನೀನು ಬರೆದಿದ್ದೆ. ಹಾಗೇ ಇಟ್ಟಿದ್ದೇನೆ. ಬದಲಾವಣೆ ಇದ್ದರೆ ಈಗಲೇ ಹೇಳು.

ತಿದ್ದಿದ ಒಂಬತ್ತನೆಯ ಪುಟ ಇದರಲ್ಲಿದೆ. ಪ್ಲೇಟು ಮೇ 31ಕ್ಕೆ ಮುಂದೂಡಿದ್ದೇನೆ. ಅಚ್ಚು ಜೂನ್ 5, ಮಂಗಳವಾರ, ಬೆಳಗ್ಗೆ ಹತ್ತು ಗಂಟೆಗೆ. ಯಂತ್ರದಲ್ಲಿ ಮೊದಲು ಕಪ್ಪು ಬಣ್ಣ ಓಡುತ್ತದೆ.

ವಿರುಪಾಕ್ಷಪ್ಪ


ದಿಗ್ಗೇವಾಡಿ
27 ಮೇ 1990, ರವಿವಾರ

ಕಾಕಾ ಅವರಿಗೆ ಸಕ್ಕುಬಾಯಿಯ ನಮಸ್ಕಾರಗಳು.

ಒಂಬತ್ತನೆಯ ಪುಟ ಪಾಸಾಗಿದೆ. ಪಾಸು ಮಾಡಿದವಳು ಅವ್ವ. “ಹಾಂ, ಈಗ ಮನೀಗಿ ಬಂದ್ವು” ಎಂದಳು. ಮಳೆಗೆ ಮುಂಚೆ ಅಣ್ಣನೂ ಹಿಂಡು ತಂದಿದ್ದಾನೆ. ಅವನು ಪ್ರೂಫನ್ನು ಹಟ್ಟಿಗೆ ಒಯ್ದು ಒಂದೊಂದು ಕುರಿಯ ಪಕ್ಕ ಹಿಡಿದು ತಾಳೆ ನೋಡಿದ. ಓರಿಮೂತಿ ಅಂಚು ಕಚ್ಚಿ ಹರಿದಿದೆ. ಆದ್ದರಿಂದ ಒಂಬತ್ತನೆಯ ಪುಟದ ಎಡಮೂಲೆ ಸ್ವಲ್ಪ ಇಲ್ಲ. ಅದು ತಿದ್ದುಪಡಿ ಅಲ್ಲ.

ಹೆಸರಿನ ವಿಷಯ ಅವ್ವನಿಗೆ ಹೇಳಿದೆ.

“ನನ್ನ ಹೆಸರ ಯಾಕ? ನನಗೇನ ಓದಾಕ ಬರತೈತಿ? ಅಲ್ಲಿ ನನ್ನ ಹೆಸರ ಐತೋ ಲಗಮವ್ವಂದ ಐತೋ ನನಗ ಹ್ಯಾಂಗ ತಿಳೀಬೇಕು?”

“ನಾ ಓದಿ ಹೇಳತೇನಬೇ.”

“ಕಚ್ಚ ಎಡಕ್ಕ ಐತಿಲ್ಲ? ನನ್ನ ಹೆಸರ ಆ ಕಿವ್ಯಾಗ ಐತಿ, ನನಗಷ್ಟ ಸಾಕು.” ತಕಲಿ ಎರಡು ಸುತ್ತು ತಿರುಗಿಸಿದ ಮೇಲೆ ಕೇಳಿದಳು: “ಆ ಧಾರವಾಡದವರು ತಮ್ಮ ಹೆಸರ ತಗದು ನಂದ ಹಾಕತಾರಂತ?”

ಹೌದು ಎಂದೆ.

“ಮತ್ತ ಬ್ಯಾಡ ಅಂದ್ರ ಅವರಿಗಿ ಬ್ಯಾಸರ ಆಗತೈತಿ. ಹಾಕಲಿ ಬಿಡು.”

ಆ ಸಂಜೆಯೊಳಗೆ ಓಣಿಯ ಎಲ್ಲರಿಗೂ ಗೊತ್ತಾಗಿತ್ತು. ಹೇಳಿದವಳು ನಾನಲ್ಲ, ಲಗಮವ್ವ ಕಾಕಿಯೂ ತಾನಲ್ಲ ಎನ್ನುತ್ತಾಳೆ.

ಊರಿನ ಬದಲಾವಣೆ ಇದೆ. ‘ಚಿತ್ರಗಳು: ಸಕ್ಕುಬಾಯಿ, ದಿಗ್ಗೇವಾಡಿ’ ಎಂದು ಹಾಕಿಸಬೇಕು. ಅವ್ವನ ಸಾಲಿನ ಮೇಲೆಯೇ ಬರಲಿ. ಒಂದೇ ಊರು ಎರಡು ಸಲ ಬಂದರೆ ಅಡ್ಡಿಯಿಲ್ಲ.

ಕಪ್ಪು ಬಣ್ಣ ಓಡುವಾಗ ಮೊದಲ ಹಾಳೆ ತಾನೇ ನೋಡಬೇಕೆಂದು ಅವ್ವ ಹೇಳಿದ್ದಾಳೆ. ನಾನು ಎರಡು ದಿನ ರಜೆ ಹಾಕಿದ್ದೇನೆ. ಮರಿಗಳನ್ನು ಲಗಮವ್ವ ಕಾಕಿ ನೋಡಿಕೊಳ್ಳುತ್ತಾಳೆ. ಜೂನ್ 4, ಸೋಮವಾರ, ಬೆಳಗ್ಗೆ ಏಳು ಗಂಟೆಯ ಬಸ್ಸಿಗೆ ಅವ್ವ ಮತ್ತು ನಾನು ರಾಯಬಾಗದಿಂದ ಹೊರಡುತ್ತೇವೆ.

ಸಕ್ಕುಬಾಯಿ